ಗಣಕದ ಹಾಳೆಯಲ್ಲಿ ಸಂದ ಕಾಲದ ಲೆಕ್ಕ

ಅಂಗಡಿ, ಸಹಕಾರಿ ಸಂಘ, ಕಾರ್ಖಾನೆಗಳ ಹಾಜರಿ ಪುಸ್ತಕಗಳು ಇಂದು ಬಹುಮಟ್ಟಿಗೆ ಎಕ್ಸೆಲ್ ಹಾಳೆಯನ್ನು ಏರಿವೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಇಂತಹ ಹಾಳೆಯೆದುರು ಕುಳಿತು ಇತರರ ಕೂಲಿಯನ್ನು ಎಣಿಸುವವರೂ ಇದ್ದಾರೆ. ಸಂದ ಕಾಲವನ್ನು ಹಾಳೆಯು ಗ್ರಹಿಸುವ ಬಗೆಯನ್ನು ಅರಿಯದಿದ್ದರೆ ಅಲ್ಲಿ ನಷ್ಟವಾಗುವುದು ದುಡಿದವನಿಗೆ.

ಈ ಹಾಳೆಗೆ ಒಂದು ದಿನವೆಂದರೆ 1. ಸಾಮಾನ್ಯ ಬಳಕೆಯಲ್ಲಿ 1900ರ ಜನವರಿ 1ರಿಂದ ಅದು ದಿನಗಳನ್ನು ಎಣಿಸುತ್ತ ಬರುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಅದರ ಲೆಕ್ಕದಲ್ಲಿ 20760. (1900ರಲ್ಲಿ ಇಲ್ಲದಿದ್ದ ಫೆಬ್ರವರಿ 29 ಕೂಡ ಇದರಲ್ಲಿ ಸೇರಿದೆ; ಹಳೆಯ ಲೋಟಸ್ 1-2-3ರೊಡನೆ ಹೊಂದಿಕೆಗಾಗಿ ಉಳಿಸಿಕೊಂಡ ದೋಷವದು.) ನಡುಹಗಲು 0.5, ಒಂದು ಗಂಟೆಯೆಂದರೆ ದಿನದ ಇಪ್ಪತ್ತನಾಲ್ಕನೆಯ ಒಂದು ಪಾಲು. ದಿನವನ್ನು ಅರುವತ್ತು ಘಳಿಗೆಗಳಾಗಿ ಒಡೆಯುವ ಪಂಚಾಂಗವನ್ನು ಬಲ್ಲವರಿಗೆ ಇದು ಹೊಸತೆನಿಸದು. ಆದರೆ ಪಂಚಾಂಗದ ದಿನ ಸೂರ್ಯೋದಯದಿಂದ ತೊಡಗುತ್ತದೆ. ಹಾಳೆಯ ದಿನ ನಡುರಾತ್ರಿಯಲ್ಲೇ ತುಂಡಾಗುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ರಾತ್ರಿ ಕಾವಲುಗಾರನೊಬ್ಬನು 21:45ಕ್ಕೆ ಬಂದು ಮರುದಿನ 6:00ಕ್ಕೆ ಹೋಗುತ್ತಾನೆಂದು ಭಾವಿಸೋಣ. ಹೋದ ವೇಳೆಯಿಂದ ಬಂದ ವೇಳೆಯನ್ನು ಕಳೆದರೆ ಉತ್ತರ ಋಣಸಂಖ್ಯೆ. ಕೋಣೆಯ ತುಂಬ ಹ್ಯಾಶ್ ಗುರುತುಗಳು. ಬಂದ ವೇಳೆ ಎ2ರಲ್ಲಿಯೂ ಹೋದ ವೇಳೆ ಬಿ2ರಲ್ಲಿಯೂ ಇದ್ದರೆ ಸೂತ್ರವನ್ನು =ಬಿ2-ಎ2+(ಬಿ2<ಎ2) ಎಂದು ಕೊಡಬೇಕು (ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಒತ್ತುವುದು). ಹೋದ ವೇಳೆ ಚಿಕ್ಕದಾಗಿದ್ದರೆ ಒಂದು ದಿನ ತಾನೇ ಕೂಡಿಕೊಂಡು 8:15 ದೊರೆಯುತ್ತದೆ. ವೇಳೆಯ ನಡುವೆ ಎರಡು ಚುಕ್ಕೆಗಳನ್ನೇ ಇಡಬೇಕು. ನಮ್ಮ ರೂಢಿಯಂತೆ 21.45 ಎಂದು ಬರೆದರೆ ಹಾಳೆಯು ಅದನ್ನು ಬರಿಯ ದಶಮಾಂಶವೆಂದು ತಿಳಿಯುತ್ತದೆ.

ಇಂತಹ ಆರು ರಾತ್ರಿಗಳನ್ನು ಕೂಡಿಸಿದರೆ 49 ಗಂಟೆ 30 ನಿಮಿಷ. ಆದರೆ ಕೋಣೆಗೆ ಮಾಮೂಲಿ ಗಡಿಯಾರದ ರೂಪವನ್ನು ಕೊಟ್ಟಿದ್ದರೆ ಕಾಣುವುದು 1:30 ಮಾತ್ರ! ಎರಡು ಪೂರ್ಣ ದಿನಗಳನ್ನು ಅದು ಮರೆಮಾಡಿ, ಮಿಕ್ಕಿದ್ದನ್ನಷ್ಟೇ ತೋರಿಸುತ್ತದೆ. ಕೋಣೆಯ ರೂಪವನ್ನು ಬದಲಿಸುವಲ್ಲಿ [ಎಚ್]:ಎಂಎಂ ಎಂದು, ಗಂಟೆಯ ಅಕ್ಷರವನ್ನು ಚೌಕ ಕಂಸದೊಳಗಿಟ್ಟರೆ ಪೂರ್ಣ 49:30 ಕಾಣುವುದು.

ಕೂಲಿಗೆ ಇಷ್ಟೂ ಸಾಲದು. ಹೊರಗೆ 49:30 ಕಂಡರೂ ಕೋಣೆಯೊಳಗಿರುವುದು 2.0625 ದಿನ. ಗಂಟೆಗೆ 80 ರೂಪಾಯಿ ಎಂದು ನೇರವಾಗಿ ಗುಣಿಸಿದರೆ ಬರುವುದು 165 ರೂಪಾಯಿ. ಮೊದಲು 24ರಿಂದ ಗುಣಿಸಿ, ಬಳಿಕ 80ರಿಂದ ಗುಣಿಸಿದರೆ 3,960 ರೂಪಾಯಿ. ಇದೇ ಅವನಿಗೆ ಸಲ್ಲಬೇಕಾದ ಮೊತ್ತ.

ಒಂದೇ ಪಾಳಿ ಇಪ್ಪತ್ತನಾಲ್ಕು ಗಂಟೆಗಳನ್ನು ಮೀರುವಂತಿದ್ದರೆ ಮೇಲಿನ ಸೂತ್ರವೂ ಸೋಲುತ್ತದೆ. ಆಗ ವೇಳೆಯೊಡನೆ ತಾರೀಕನ್ನೂ ಒಂದೇ ಕೋಣೆಯಲ್ಲಿ ಬರೆದು, ನೇರವಾಗಿ ಕಳೆಯುವುದೇ ಲೇಸು.