ಎರೆ ನೆಲದಲ್ಲಿ ಲಾರಿ ಬೇಕರ್

ಮಲ್ಲಸಮುದ್ರದ ಆಸುಪಾಸಿನಲ್ಲಿ ಮನೆ ಕಟ್ಟಿಸುವ ಕೆಲಸ ಹಿಡಿದು ಬಹಳ ವರ್ಷಗಳಾದವು. ಈಚೆಗೆ ಸೈಟು ತೋರಿಸಲು ಬರುವ ಹುಡುಗರು ಮೊಬೈಲಿನಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದಲ್ಲಿ ಕಟ್ಟಿದ ಇಟ್ಟಂಗಿ ಮನೆಗಳ ಫೋಟೊ ಹಿಡಿದು, ‘ಸರ, ನಮಗ ಇಂಥಾದ್ದ ಬೇಕು’ ಅನ್ನುತ್ತಾರೆ. ಬೇಕರ್ ಕಟ್ಟಿದ್ದನ್ನು ನಮ್ಮ ನೆಲಕ್ಕೆ ತರಲು ಹೊರಟಾಗ ಕಲಿತದ್ದು ಇಷ್ಟು.

1. ಗೋಡೆಗಿಂತ ಮೊದಲು ಮನುಷ್ಯನನ್ನು ನೋಡಿ

ಲಾರಿ ಬೇಕರ್ 1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿ, ಅಲ್ಲಿಯೇ 1937ರಲ್ಲಿ ವಾಸ್ತುಶಿಲ್ಪ ಕಲಿತು ಹೊರಬಂದವರು. ಯುರೋಪಿನಲ್ಲಿ ಆಧುನಿಕ ಶೈಲಿಯ ಅಬ್ಬರದ ಕಾಲ ಅದು. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟುವ ಕೆಲಸಕ್ಕೆಂದು ಭಾರತಕ್ಕೆ ಬಂದರು. 1948ರಲ್ಲಿ ಕೇರಳದ ವೈದ್ಯೆ ಎಲಿಜಬೆತ್ ಅವರನ್ನು ಮದುವೆಯಾಗಿ, ಹಿಮಾಲಯದ ಪಿತೋರಗಢದಲ್ಲಿ ಹದಿನಾರು ವರ್ಷ ಸಂಸಾರ ಹೂಡಿದರು. ಕಾಲೇಜಿನ ಪಾಠ ಅಲ್ಲಿ ಕೈಕೊಟ್ಟಿತು. ಕಲ್ಲು, ಮಣ್ಣು, ಮರದಿಂದ ಊರವರು ಕಟ್ಟಿಕೊಂಡ ಮನೆಗಳೇ ಆ ಚಳಿ, ಮಳೆಗೆ ಸರಿ ಎಂದು ಕಂಡುಕೊಂಡರು. ಐದು ಮೈಲಿಯೊಳಗೆ ಸಿಗುವ ಸಾಮಾನಿನಿಂದಲೇ ಮನೆ ಕಟ್ಟಬೇಕೆಂದು ಗಾಂಧೀಜಿ ಹೇಳಿದ್ದು ಅವರ ಮನಸ್ಸಿನಲ್ಲಿ ಕೂತಿತ್ತು.

ಹಾಗಂತ ಹಳೆಯದಕ್ಕೆ ಶರಣಾದವರಲ್ಲ. ಮುಂದೆ ಕೇರಳಕ್ಕೆ ಬಂದು ತಿರುವನಂತಪುರದಲ್ಲಿ ಕಟ್ಟಿದ ಇಂಡಿಯನ್ ಕಾಫಿ ಹೌಸಿನಲ್ಲಿ ಮೇಜುಗಳೂ ಗಿರಾಕಿಗಳೂ ಸುರುಳಿ ಸುತ್ತುತ್ತಾ ಮೇಲೇರುತ್ತಾರೆ. ಅಂಥದ್ದು ಯಾವ ಸಂಪ್ರದಾಯದಲ್ಲಿತ್ತು? ಬೇಕರ್ ಒಂದು ಶೈಲಿಯಲ್ಲ. ಪ್ರತಿ ಸೈಟಿನಲ್ಲೂ ಹೊಸದಾಗಿ ಯೋಚಿಸುವ ಹಟ. ಫೋಟೊದಲ್ಲಿ ಅದು ಕಾಣುವುದಿಲ್ಲ.

2. ಪಾಯದ ವಿಷಯದಲ್ಲಿ ಬೇಕರ್ ಅವರನ್ನು ಕೇಳಬೇಡಿ

ಅವರ ಕೇರಳ ಜಂಬಿಟ್ಟಿಗೆ ಮಣ್ಣಿನ ನಾಡು. ನಮ್ಮದು ಎರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಕಡಿಮೆ ಆಳದ ಕಲ್ಲಿನ ಪಾಯ ಹಾಕಿದರೆ ಮೂಲೆಯಿಂದ ಕಿಟಕಿಗೆ ಓರೆ ಬಿರುಕು ಖಾತ್ರಿ. ಎರೆ ದಾಟಿ ಗಟ್ಟಿ ಗರಸು ಸಿಗುವವರೆಗೆ ತೋಡಬೇಕು. ಪಾಯದ ಅಕ್ಕಪಕ್ಕ ತೆಗೆದ ಎರೆಯನ್ನೇ ಮತ್ತೆ ತುಂಬದೆ ಗರಸು ತುಂಬಬೇಕು. ಮೇಲೆ ಸುತ್ತಲೂ ಸರಳು ಕಟ್ಟಿದ ಕಾಂಕ್ರೀಟ್ ಪಟ್ಟಿ ಓಡಬೇಕು. ಮನೆಯ ನೀರು ಗೋಡೆಯ ಬುಡದಲ್ಲಿ ನಿಲ್ಲಬಾರದು. ಇಲ್ಲಿ ಉಳಿತಾಯದ ಮಾತೇ ಬೇಡ. ಸಿಮೆಂಟು, ಕಬ್ಬಿಣಕ್ಕೆ ಇದು ಸರಿಯಾದ ಜಾಗ.

3. ಟೊಳ್ಳು ಗೋಡೆಗೆ ಗೌಂಡಿ ಒಪ್ಪಬೇಕು

ಬೇಕರ್ ಅವರಿಗೆ ಹೆಸರು ತಂದ ರ‍್ಯಾಟ್ ಟ್ರ್ಯಾಪ್ ಗೋಡೆಯಲ್ಲಿ ಇಟ್ಟಂಗಿಯನ್ನು ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸುತ್ತಾರೆ. ಒಂಬತ್ತು ಇಂಚಿನ ಗೋಡೆಯೊಳಗೆ ಸುಮಾರು ಮೂರು ಇಂಚು ಟೊಳ್ಳು ಉಳಿಯುತ್ತದೆ. ಇಟ್ಟಂಗಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಉಳಿತಾಯ. ಒಳಗಿನ ಗಾಳಿ ಪಡುವಣ ಬಿಸಿಲನ್ನು ತಡೆಯುತ್ತದೆ.

‘ಸಾಹೇಬ್ರ, ಒಳಗ ಟೊಳ್ಳ ಬಿಟ್ರ ನಾಳೆ ಮಂದಿ ನನ್ನ ಬೈತಾರು’ ಎಂದು ಹಿರಿಯ ಗೌಂಡಿಯೊಬ್ಬರು ಕರಣಿ ಕೆಳಗಿಟ್ಟಿದ್ದರು. ‘ಕಾಕಾ, ಆಳೆತ್ತರ ಕಟ್ರಿ, ಆಮ್ಯಾಲೆ ಮಾತಾಡೂಣು’ ಅಂದೆ. ಗಾರೆ ಟೊಳ್ಳಿನೊಳಗೆ ಉದುರದಂತೆ ಅದರ ಮೇಲೆ ಸಣ್ಣ ಪಟ್ಟಿ ಹಲಗೆ ಇಟ್ಟು ಎರಡೂ ಬದಿಗೆ ಗಾರೆ ಹಚ್ಚುವುದು, ಹಲಗೆ ಎತ್ತಿ ಮುಂದಿನ ಸಾಲು ಕೂಡಿಸುವುದು. ಈ ಲಯ ಕೈಗೆ ಹತ್ತಿದ ಮೇಲೆ ಅವರೇ ಹುಡುಗರನ್ನು ಗದರಿಸತೊಡಗಿದರು. ಮೂಲೆಯ ಟೊಳ್ಳಿನಲ್ಲಿ ಸರಳು ಇಳಿಸಿ ಕಾಂಕ್ರೀಟ್ ತುಂಬಿಸಿ. ಕಿಟಕಿಯ ಕೆಳಗೆ, ಲಿಂಟಲ್ ಮಟ್ಟದಲ್ಲಿ ಗಟ್ಟಿ ಸಾಲು ಇರಲಿ. ಇಟ್ಟಂಗಿ ಮಾತ್ರ ಆರಿಸಿ ತರಬೇಕು: ಎರಡನ್ನು ಬಡಿದರೆ ಗಂಟೆಯಂತೆ ಖಣ್ ಅನ್ನಬೇಕು, ಅಳತೆ ಒಂದೇ ಇರಬೇಕು. ಅಂಥದ್ದು ಸಿಗದಿದ್ದರೆ ಈ ಗೋಡೆಯ ಆಸೆ ಬಿಡಿ.

4. ಮೇಲ್ಮುದ್ದೆಯ ತಂಪು ಹಂಚಿನಲ್ಲೂ ಸಿಗುತ್ತದೆ

ನಮ್ಮ ಹಳೆಯ ಮನೆಗಳಲ್ಲಿ ತೊಲೆ, ಜಂತಿಯ ಮೇಲೆ ದಪ್ಪ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ. ಏಪ್ರಿಲ್ ಮಧ್ಯಾಹ್ನವೂ ಪಡಸಾಲೆಯಲ್ಲಿ ನಿದ್ದೆ ಬರುತ್ತಿತ್ತು. ಬರಿ ಸ್ಲ್ಯಾಬಿನ ಕೆಳಗೆ ಬರುವುದಿಲ್ಲ. ಆ ಮರ ಇಂದು ಯಾರಿಗೂ ಎಟುಕುವುದಿಲ್ಲ, ವರ್ಷವರ್ಷ ಮಣ್ಣು ಹಾಕಿಸುವವರೂ ಇಲ್ಲ. ಬೇಕರ್ ಬಳಸಿದ ಫಿಲ್ಲರ್ ಸ್ಲ್ಯಾಬು ಇಲ್ಲಿ ಕೆಲಸಕ್ಕೆ ಬರುತ್ತದೆ. ಸ್ಲ್ಯಾಬಿನ ಕೆಳಭಾಗದ ಕಾಂಕ್ರೀಟು ಭಾರಕ್ಕಷ್ಟೇ, ಬಲಕ್ಕಲ್ಲ. ಅಲ್ಲಿ ಸರಳುಗಳ ನಡುವೆ ಹಳೆಯ ಮಂಗಳೂರು ಹಂಚುಗಳನ್ನು ಜೋಡಿಯಾಗಿ ಕೂಡಿಸಿದರೆ ಕಾಂಕ್ರೀಟು ಉಳಿಯುತ್ತದೆ, ಹಂಚಿನ ನಡುವಿನ ಗಾಳಿ ಕಾವು ತಡೆಯುತ್ತದೆ. ಗೋಡೆಯ ಹತ್ತಿರದ ಪಟ್ಟಿಯಲ್ಲಿ ಹಂಚು ಬೇಡ, ಅಲ್ಲಿ ಗಟ್ಟಿ ಕಾಂಕ್ರೀಟೇ ಇರಲಿ.

5. ಲಕ್ಕುಂಡಿಗೆ ಒಮ್ಮೆ ಹೋಗಿ ಬನ್ನಿ

‘ಸಂಪ್ರದಾಯ ಕೆಡಿಸಬ್ಯಾಡ್ರಿ’ ಅನ್ನುವ ಹಿರಿಯರಿಗೆ ನಾನು ಇದನ್ನೇ ಹೇಳುತ್ತೇನೆ. ಚಾಲುಕ್ಯರ ಶಿಲ್ಪಿಗಳು ಮರಳುಗಲ್ಲು ಬಿಟ್ಟು ಬಳಪದ ಕಲ್ಲು ಹಿಡಿದಾಗ ಕಲ್ಲಿನ ಗಾತ್ರ ಇಳಿಯಿತು, ಕೆತ್ತನೆ ಸೂಕ್ಷ್ಮವಾಯಿತು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿಯ ಕಾಲಕ್ಕೆ ಅದೇ ಹೊಸ ಫ್ಯಾಷನ್ನು. ಸಂಪ್ರದಾಯವೂ ಹೀಗೆ ಬದಲಾಗುತ್ತಲೇ ಬಂದದ್ದು.

6. ಗಿಲಾವು ಬೇಕೆಂದರೆ ಮಾಡಿಸಿ

ಬೇಕರ್ ಅವರ ಹಾಗೆ ಗಿಲಾವು ಇಲ್ಲದೆ ಬಿಟ್ಟ ಗೋಡೆ ನಮ್ಮ ಮಂದಿಗೆ ಅರ್ಧಕ್ಕೆ ನಿಂತ ಮನೆ. ಬೀಗರು ಬಂದಾಗ ‘ರೊಕ್ಕ ಸಾಲಲಿಲ್ಲೇನು?’ ಎಂದು ಕೇಳುತ್ತಾರೆ. ಬೇಕರ್ ಬಡವರಿಗೊಂದು ಪದ್ಧತಿ, ಇದ್ದವರಿಗೊಂದು ಪದ್ಧತಿ ಇಟ್ಟುಕೊಳ್ಳಲಿಲ್ಲ ಎಂದು ಹೇಳಿ ನೋಡುತ್ತೇನೆ. ಒಪ್ಪದಿದ್ದರೆ ಎದುರಿನ ಗೋಡೆಗೆ ಗಿಲಾವು ಮಾಡಿಸುತ್ತೇನೆ. ಮನೆ ಅವರದು.

ಮುಳಗುಂದ ರಸ್ತೆಯಲ್ಲಿ ಸೈಟು ಹಿಡಿದವರಿಗೆ ಒಂದೇ ಕೋರಿಕೆ: ನಕ್ಷೆ ಬರೆಸುವ ಮೊದಲು ಒಂದು ಗುಂಡಿ ತೋಡಿಸಿ, ಎರೆ ಎಷ್ಟು ಆಳ ಇದೆ ನೋಡಿ. ಹಳೆ ಮನೆ ಕೆಡವುವವರು ಬಾಗಿಲು, ತೊಲೆ, ಹಂಚು, ಕಲ್ಲನ್ನು ಗುಜರಿಗೆ ಕೊಡುವ ಮೊದಲು ನಿಮ್ಮ ಗೌಂಡಿಯನ್ನು ಕರೆದು ಅಳತೆ ಹಾಕಿಸಿ.