ಕಾರ್ಬೋಹೈಡ್ರೇಟ್ ಮತ್ತು ಪ್ರೋಟೀನ್: ರಚನೆ, ಕಾರ್ಯ

ಕಾರ್ಬೋಹೈಡ್ರೇಟ್
• ಧಾತುಗಳು: ಇಂಗಾಲ, ಜಲಜನಕ, ಆಮ್ಲಜನಕ. 1 ಗ್ರಾಂನಿಂದ ಸುಮಾರು 4 ಕಿಲೋಕ್ಯಾಲೊರಿ ಶಕ್ತಿ.
• ಏಕಶರ್ಕರ: ಗ್ಲೂಕೋಸ್, ಫ್ರಕ್ಟೋಸ್. ದ್ವಿಶರ್ಕರ: ಸುಕ್ರೋಸ್, ಲ್ಯಾಕ್ಟೋಸ್.
• ಬಹುಶರ್ಕರ: ಪಿಷ್ಟ (ಸಸ್ಯಗಳ ದಾಸ್ತಾನು), ಗ್ಲೈಕೋಜನ್ (ಯಕೃತ್ತು, ಸ್ನಾಯು), ಸೆಲ್ಯುಲೋಸ್ (ಸಸ್ಯಕೋಶದ ಭಿತ್ತಿ), ಕೈಟಿನ್ (ಕೀಟಗಳ ಹೊರಕವಚ).
• ನೆನಪಿಡಿ: ಪಿಷ್ಟ, ಸೆಲ್ಯುಲೋಸ್ ಎರಡೂ ಗ್ಲೂಕೋಸ್ ಸರಪಳಿಗಳೇ. ಪಿಷ್ಟದಲ್ಲಿರುವುದು ಆಲ್ಫಾ ಬಂಧ, ಸೆಲ್ಯುಲೋಸ್‌ನಲ್ಲಿ ಬೀಟಾ ಬಂಧ. ಸೆಲ್ಯುಲೋಸ್‌ನ ಈ ಬೀಟಾ ಬಂಧ ಕಡಿಯುವ ಕಿಣ್ವ ನಮ್ಮಲ್ಲಿಲ್ಲ. ಆದ್ದರಿಂದಲೇ ಅನ್ನ ಜೀರ್ಣವಾಗುತ್ತದೆ, ಸೊಪ್ಪಿನ ನಾರು ಆಗುವುದಿಲ್ಲ.

ಪ್ರೋಟೀನ್
• 20 ಬಗೆಯ ಅಮೈನೋ ಆಮ್ಲಗಳು ಪೆಪ್ಟೈಡ್ ಬಂಧದಿಂದ ಜೋಡಣೆಯಾಗಿ ಪ್ರೋಟೀನ್‌ಗಳು ಉಂಟಾಗುತ್ತವೆ. ಈ ಅಮೈನೋ ಆಮ್ಲಗಳಲ್ಲಿ 9 ಆಹಾರದಿಂದಲೇ ಸಿಗಬೇಕು.
• ಕಾರ್ಯಗಳು: ಹಿಮೋಗ್ಲೋಬಿನ್ (ಆಮ್ಲಜನಕ ಸಾಗಣೆ), ಇನ್ಸುಲಿನ್ (ರಕ್ತದ ಸಕ್ಕರೆ ನಿಯಂತ್ರಣ), ಕೆರಟಿನ್ (ಕೂದಲು, ಉಗುರು), ಅಮೈಲೇಸ್ (ಪಿಷ್ಟದ ಜೀರ್ಣಕ್ರಿಯೆ).
• ಕೊಲಾಜನ್‌ನ ಮೂರೆಳೆಯ ಸುರುಳಿ ರಚನೆಯನ್ನು ಮಂಡಿಸಿದ ಭಾರತೀಯ ವಿಜ್ಞಾನಿ: ಜಿ.ಎನ್. ರಾಮಚಂದ್ರನ್.