ಪೂರ್ವ–ಪಶ್ಚಿಮ: ದಿಕ್ಕೋ, ಗುಣವೋ?

ನಮ್ಮ ವಾರದ ಪಾಠಕ್ಕೆ ಬರುವ ಗೃಹಸ್ಥರೊಬ್ಬರು ಖೇದದಿಂದ ಕೇಳಿದರು: "ಮಗ ಅಮೆರಿಕದಲ್ಲಿ ನೆಲೆಸಿದ. ಮೊಮ್ಮಕ್ಕಳು ಪಾಶ್ಚಾತ್ಯರೇ ಆಗಿಬಿಟ್ಟರಲ್ಲವೇ, ಆಚಾರ್ಯರೇ?" ಉತ್ತರಕ್ಕೆ ಮೊದಲು ಆ ಶಬ್ದದ ಅರ್ಥವನ್ನೇ ವಿಚಾರಿಸುವುದು ಯುಕ್ತವೆಂದು ನಮಗೆ ತೋರಿತು.

ಅನ್ನಂಭಟ್ಟನ ತರ್ಕಸಂಗ್ರಹವು ದಿಕ್ಕನ್ನು ಏಕ, ನಿತ್ಯ, ವಿಭು ಎನ್ನುತ್ತದೆ. ಪೂರ್ವ, ಪಶ್ಚಿಮ ಎಂಬ ವ್ಯವಹಾರವು ಸೂರ್ಯನ ಉದಯಾಸ್ತಗಳೆಂಬ ಉಪಾಧಿಯಿಂದ ಬಂದದ್ದು. ನಮ್ಮ ಸಿದ್ಧಾಂತದಲ್ಲಾದರೋ ಸಾಕ್ಷಿವೇದ್ಯವಾದ ಅವ್ಯಾಕೃತಾಕಾಶವೇ ದಿಕ್ಕು. ಉಭಯಪಕ್ಷಗಳಲ್ಲಿಯೂ ದಿಕ್ಕು ಜಡವೇ. ಜಡಕ್ಕೆ ವೈರಾಗ್ಯವೂ ಇಲ್ಲ, ಭೋಗಲಾಲಸೆಯೂ ಇಲ್ಲ.

ಸಂಸ್ಕೃತಿಯ ಮಾತಿನಲ್ಲಿ ಈ ದಿಕ್ಕುಗಳು ಯೂರೋಪಿನಲ್ಲಿ ನಿಂತು ಎಣಿಸಿದವು. 1891ರಲ್ಲಿ ಮೈಸೂರಿನಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯೇ ಮುಂದೆ ಪ್ರಾಚ್ಯವಿದ್ಯಾ ಸಂಶೋಧನಾಲಯವಾಯಿತು. ಅಲ್ಲಿಯ ತಾಳೆಗರಿಗಳಲ್ಲಿರುವುದು ಈ ನೆಲದ ವಿದ್ಯೆ. ಹೆಸರು ಮಾತ್ರ ದೂರದಿಂದ ನೋಡಿದವರದು. ನಮ್ಮ ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನ, ಜಪಾನುಗಳ ವಸ್ತುಗಳು ಪೂರ್ವ ವಿಭಾಗದಲ್ಲಿಯೂ ಯೂರೋಪಿನವು ಪಶ್ಚಿಮ ವಿಭಾಗದಲ್ಲಿಯೂ ಇವೆ. ಭಾರತಕ್ಕೆ ಪ್ರತ್ಯೇಕ ವಿಭಾಗ. ಲಂಡನ್ನಿನವರಿಗೆ ಪೂರ್ವವಾದ ನಾವು ಇಲ್ಲಿ ಎರಡೂ ಅಲ್ಲ!

ಪೂರ್ವವು ಜಗತ್ತನ್ನು ಮಿಥ್ಯೆಯೆನ್ನುತ್ತದೆ, ಪಶ್ಚಿಮವು ಸತ್ಯವೆನ್ನುತ್ತದೆ ಎಂದು ಹೇಳುವವರುಂಟು. ಹಾಗಾದರೆ ಜಗತ್ಸತ್ಯತ್ವವನ್ನೂ ಪಂಚಭೇದವನ್ನೂ ಸಾಧಿಸಿದ ಶ್ರೀಮದಾಚಾರ್ಯರು ಯಾವ ದಿಕ್ಕಿನವರು? ಮನಸ್ಸಿನ ಹೊರಗೆ ಜಡವಸ್ತುವೇ ಇಲ್ಲವೆಂದ ಬರ್ಕ್‌ಲಿ (1685–1753) ಐರ್ಲೆಂಡಿನವನು. ದೇಹವೇ ಆತ್ಮವೆಂದ ಚಾರ್ವಾಕರು ಈ ದೇಶದವರು.

ಸಂಸ್ಕೃತಿಗಳಲ್ಲಿ ಭೇದವೇ ಇಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಭೇದವು ಸತ್ಯ. ಆದರೆ ಯೋಗ್ಯತೆಯಿರುವುದು ಆಯಾ ಜೀವಸ್ವರೂಪದಲ್ಲಿ, ದಿಕ್ಕಿನಲ್ಲಲ್ಲ. ರೈಲ್ವೆಯ ಸೇವೆಯಲ್ಲಿದ್ದಾಗ ನಾವು ಸಂಧ್ಯಾವಂದನೆಯನ್ನು ಲೋಪಮಾಡಿದ ದಿನಗಳುಂಟು. ಆಗ ನಾವು ಪೂರ್ವದಲ್ಲಿಯೇ ಇದ್ದೆವು. ದೂಷಿಸಲು ಯಾವ ಪಶ್ಚಿಮವೂ ಇರಲಿಲ್ಲ.

ಪ್ರಾತಃಕಾಲದ ಅರ್ಘ್ಯ ಪೂರ್ವಾಭಿಮುಖವಾಗಿ, ಸಾಯಂಕಾಲದ್ದು ಪಶ್ಚಿಮಾಭಿಮುಖವಾಗಿ. ಸೂರ್ಯಮಂಡಲದಲ್ಲಿರುವ ನಾರಾಯಣನು ಒಬ್ಬನೇ. ಉಡುಪಿಯ ಶ್ರೀಕೃಷ್ಣನಂತೂ ಪಶ್ಚಿಮಾಭಿಮುಖನಾಗಿಯೇ ನಿಂತಿದ್ದಾನೆ. ಆದುದರಿಂದ ಆ ಗೃಹಸ್ಥರಿಗೆ ನಾವು ಇಷ್ಟೇ ಹೇಳಿದೆವು: "ಮೊಮ್ಮಕ್ಕಳನ್ನು ಪಾಶ್ಚಾತ್ಯರೆಂದು ದೂರಮಾಡಬೇಡಿ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಒಂದು ಶ್ಲೋಕವನ್ನು ಅರ್ಥಸಹಿತ ಹೇಳಿಕೊಡಿ. ಅವರು ಪ್ರಶ್ನೆ ಕೇಳಿದರೆ ಸಂತೋಷಪಡಿ, ಜಿಜ್ಞಾಸೆಗೂ ದಿಕ್ಕಿಲ್ಲ."

॥ ಶ್ರೀಕೃಷ್ಣಾರ್ಪಣಮಸ್ತು ॥